ಟ್ಯಾಬ್ ಕೊಳ್ಳುವ ಮೊದಲು ಒಂದು ಮಾತು

ಎಲ್ಲರಿಗೂ ನಮಸ್ಕಾರ. ನಮ್ಮೂರ ಶಾಲೆಗೆ ಟ್ಯಾಬ್ ಕೊಡಿಸಲು ದುಡ್ಡು ಸೇರಿಸುತ್ತಿದ್ದೇವೆ, ಅಲ್ವಾ? ಆರ್ಡರ್ ಮಾಡುವ ಮೊದಲು ಪೆರು ದೇಶದಲ್ಲಿ ಆದದ್ದನ್ನು ನೋಡಿ. ಅಲ್ಲಿನ ಸರ್ಕಾರ ಶಾಲೆಗಳಿಗೆ 8 ಲಕ್ಷಕ್ಕೂ ಜಾಸ್ತಿ ಲ್ಯಾಪ್‌ಟಾಪ್ ಹಂಚಿತು. 319 ಹಳ್ಳಿ ಶಾಲೆಗಳ ಅಧ್ಯಯನದ ವರದಿ 2012ರಲ್ಲಿ ಬಂತು. ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳ ಕಲಿಕೆ ಸುಧಾರಿಸಿದ್ದು ಕಾಣಲಿಲ್ಲ. ಯಂತ್ರ ಬಂತು, ಪಾಠ ಮಾಡುವ ರೀತಿ ಹಾಗೇ ಉಳಿಯಿತು. ಅಷ್ಟು ದೊಡ್ಡ ಖರ್ಚು! ಓದಿ ನನಗೆ ನಿಜಕ್ಕೂ ಬೇಜಾರಾಯಿತು.

ಹಾಗಾಗಿ ಮೊದಲು ಟೀಚರ್‌ಗಳ ಜೊತೆ ಕೂರೋಣ. ಯಾವ ತರಗತಿಗೆ, ಯಾವ ಪಾಠಕ್ಕೆ ಬೇಕು ಅಂತ ಅವರೇ ಹೇಳಲಿ. ಕರೆಂಟ್ ಎಷ್ಟು ಹೊತ್ತು ಇರುತ್ತದೆ, ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ ಎನ್ನುವುದೂ ಗೊತ್ತಾಗಬೇಕು. ದುಡ್ಡಿನಲ್ಲಿ ಒಂದು ಪಾಲು ತರಬೇತಿಗೆ ಇಡಲೇಬೇಕು.

ಭಾನುವಾರ ಬೆಳಿಗ್ಗೆ 11ಕ್ಕೆ ಶಾಲೆಯಲ್ಲಿ ಸಿಗೋಣ. ಬರಲಾಗದವರು ಇಲ್ಲೇ ಬರೆಯಿರಿ.