ಗುಂಡು ಸ್ವಲ್ಪ ಕಾಯಲಿ

ಕಿರಿಯ ಮಿತ್ರರೇ,

ಅಮೆರಿಕದ ಭೂಗತ ಲೋಕದ ಜೂಜುಕೋರ ಅರ್ನಾಲ್ಡ್ ರಾತ್‌ಸ್ಟೀನ್‌ನ ಬಗ್ಗೆ ನೀವು ಬರೆದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಪುಟದಲ್ಲೇ ಗುಂಡು ಹಾರುತ್ತದೆ, ಎರಡನೆಯದರಲ್ಲಿ ಶಕುನಿ ಬರುತ್ತಾನೆ. ಜೂಜುಕೋರನೆಂದರೆ ನಮ್ಮವರ ಲೇಖನಿಗೆ ಶಕುನಿಯೇ ಏಕೆ ಸಿಗಬೇಕು? ಅವನನ್ನು ಹಸ್ತಿನಾಪುರದಲ್ಲೇ ಬಿಡಿ. ರಾತ್‌ಸ್ಟೀನ್‌ನನ್ನು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, ಲಿಂಡೀಸ್ ಹೋಟೆಲಿನ ಅವನ ಮಾಮೂಲಿ ಮೇಜಿನ ಮುಂದೆ ಕೂರಿಸಿ.

ಅಲ್ಲಿ ಅವನು ಸಾಲ ಕೊಡುತ್ತಿದ್ದ, ಬಡ್ಡಿ ಎಣಿಸುತ್ತಿದ್ದ, ಬಾಕಿದಾರರಿಗಾಗಿ ಕಾಯುತ್ತಿದ್ದ. ಕುಡಿತದ ಚಟವಿರಲಿಲ್ಲ. ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂದದ್ದು 1920ರ ಜನವರಿ 17ರಂದು. ಅಂದೇ ಅವನಿಗೆ ಮೂವತ್ತೆಂಟು ತುಂಬಿತು. ಸರ್ಕಾರವೇ ಕೊಟ್ಟ ಹುಟ್ಟುಹಬ್ಬದ ಉಡುಗೊರೆ ಎಂದು ಬರೆಯುವ ಆಸೆ ನನಗೂ ಆಯಿತು, ತಡೆದುಕೊಂಡೆ. ಕಳ್ಳಸಾಗಣೆಗೆ ಬಂಡವಾಳ, ಸಿಕ್ಕಿಬಿದ್ದವರಿಗೆ ಜಾಮೀನು, ರಾಜಕಾರಣಿಗಳ ಜೊತೆ ಮಾತುಕತೆ: ಇದು ಅವನ ಕಸುಬು. ಮುಂದೆ ಭೂಗತ ಲೋಕದ ದೊರೆಗಳಾದ ಲಕಿ ಲೂಚಿಯಾನೊ, ಮೇಯರ್ ಲ್ಯಾನ್ಸ್ಕಿಯಂಥವರು ಪಳಗಿದ್ದು ಅವನ ಕೈಯಲ್ಲಿ.

ನೀವು ಒಂದೇ ಸಾಲಿನಲ್ಲಿ ದಾಟಿಸಿದ ಗಡಿಯಾರದ ಪ್ರಸಂಗ ನನ್ನನ್ನು ಬಿಡುತ್ತಿಲ್ಲ. ತಂದೆ ಅಬ್ರಹಾಂ ಧರ್ಮನಿಷ್ಠ ಯೆಹೂದಿ. ಜನ ಅವರನ್ನು 'ನ್ಯಾಯವಂತ ಏಬ್' ಎನ್ನುತ್ತಿದ್ದರು. ಯೆಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ಮುನ್ನ ಅವರು ಗಡಿಯಾರವನ್ನು ತೆಗೆದಿಡುತ್ತಿದ್ದರು. ಹುಡುಗ ಅದನ್ನು ಗಿರವಿಯಿಟ್ಟು, ಆ ಹಣದಲ್ಲಿ ಜೂಜಾಡಿ, ಸಬ್ಬತ್ ಮುಗಿಯುವುದರೊಳಗೆ ಬಿಡಿಸಿ ತಂದು ಇದ್ದಲ್ಲೇ ಇಡುತ್ತಿದ್ದನಂತೆ. ಗಿರವಿ ಅಂಗಡಿಯ ಕಟ್ಟೆಯ ಮುಂದೆ ಆ ಹುಡುಗನನ್ನು ಎರಡು ಪುಟವಾದರೂ ನಿಲ್ಲಿಸಿ.

'ನಂತೆ' ಎಂದೆ, ಗಮನಿಸಿದಿರಾ? ದಾಖಲೆಗಿಂತ ವದಂತಿಯೇ ಹೆಚ್ಚಿರುವವನ ಕಥೆಗೆ ನಮ್ಮ ಭಾಷೆಯ ಈ 'ಅಂತೆ'ಯಷ್ಟು ಒದಗುವ ಪದ ಇನ್ನೊಂದಿಲ್ಲ. 1919ರ ವರ್ಲ್ಡ್ ಸೀರೀಸನ್ನು, ಅಂದರೆ ಬೇಸ್‌ಬಾಲಿನ ಅಂತಿಮ ಸರಣಿಯನ್ನು, 'ಅವನೇ ಕೊಂಡುಕೊಂಡ' ಎಂದು ನೀವು ಆಣೆ ಮಾಡಿದಂತೆ ಬರೆದಿದ್ದೀರಿ. ಹಣಕ್ಕಾಗಿ ಆ ಸರಣಿಯನ್ನು ಬೇಕೆಂದೇ ಸೋಲುವ ಸಂಚಿಗಾಗಿ ಆಜೀವ ನಿಷೇಧಕ್ಕೆ ಗುರಿಯಾದವರು ವೈಟ್ ಸಾಕ್ಸ್ ತಂಡದ ಎಂಟು ಆಟಗಾರರು. ರಾತ್‌ಸ್ಟೀನ್ ಶಿಕಾಗೋದಲ್ಲಿ ಗ್ರ್ಯಾಂಡ್ ಜ್ಯೂರಿಯ, ಅಂದರೆ ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯ, ಮುಂದೆ ಹೇಳಿಕೆ ಕೊಟ್ಟು ಮನೆಗೆ ಹೋದ. ಅವನ ಮೇಲೆ ಆರೋಪವನ್ನೇ ಹೊರಿಸಲಿಲ್ಲ.

ಕೊನೆಯ ಭಾಗದಲ್ಲಿ ರಕ್ತ ಕಡಿಮೆ ಮಾಡಿ. 1928ರ ಸೆಪ್ಟೆಂಬರಿನ ಪೋಕರ್ ಆಟದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಡಾಲರ್ ಸೋತು, ಆಟದಲ್ಲಿ ಮೋಸವಿದೆ ಎಂದು ಕೊಡದೆ ಕುಳಿತ. ಈ ಮಾತು ಅವನ ಬಾಯಿಂದ! ನವೆಂಬರ್ 4ರ ರಾತ್ರಿ ಲಿಂಡೀಸ್‌ಗೆ ಫೋನ್ ಬಂತು. ಪಿಸ್ತೂಲನ್ನು ಜೊತೆಗಾರನ ಕೈಗಿತ್ತು ಪಾರ್ಕ್ ಸೆಂಟ್ರಲ್ ಹೋಟೆಲಿಗೆ ಹೋದ. ಹೊಟ್ಟೆಗೆ ಗುಂಡು ಬಿದ್ದ ಮೇಲೂ ಎರಡು ದಿನ ಬದುಕಿದ್ದ, ಹೊಡೆದವನ ಹೆಸರು ಹೇಳಲಿಲ್ಲ. ವಿಚಾರಣೆಗೆ ಗುರಿಯಾದವನೂ ಮರುವರ್ಷ ಖುಲಾಸೆಯಾದ. ಹಾಗಾಗಿ ಕೊಲೆಗಾರನನ್ನು ಹೆಸರಿಸುವ ನಿಮ್ಮ ಆ ಪ್ಯಾರಾವನ್ನು ಹೊಡೆದುಹಾಕಿದ್ದೇನೆ, ಕೋಪ ಬೇಡ.

ಗಡಿಯಾರದ ಅಧ್ಯಾಯವನ್ನು ಬರೆದು ಮೊದಲು ಅದೊಂದನ್ನೇ ಕಳುಹಿಸಿ.

ನಿಮ್ಮ ವಿಶ್ವಾಸಿ