ರಿಪೋರ್ಟ್ ನಾರ್ಮಲ್ ಬಂದ ಮಾತ್ರಕ್ಕೆ

ಮಾನ್ಯ ಸಂಪಾದಕರೇ,

ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಬರಹವನ್ನು ಓದಿದ ಮೇಲೆ, ಅದಕ್ಕೆ ಹತ್ತಿರದ ಒಂದು ಅನುಭವವನ್ನು ಓದುಗರ ಮುಂದಿಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಉಣುಗು ಕಚ್ಚಿದರೆ ಏನಾಗಬಹುದೆಂದು ಸಾಗರ, ಸೊರಬದ ಕಡೆಯವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದ ಸಂಗತಿಯನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದವರು ನಾವು. ದರಗು ತರಲು ಸೊಪ್ಪಿನ ಬೆಟ್ಟಕ್ಕೆ ಹೋಗುವ ಮುನ್ನ ಆರೋಗ್ಯ ಇಲಾಖೆಯವರು ಕೊಟ್ಟ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳುವುದು ಇಂದಿಗೂ ನಮ್ಮ ಮನೆಯ ರೂಢಿ. ಇಷ್ಟೆಲ್ಲ ತಿಳಿದಿದ್ದ ನಾನೇ, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿರುವ ಮಗನ ಮನೆಯಲ್ಲಿ ಸೊಸೆಯ ಮೈಮೇಲೆ ಮೂಡಿದ ಕಲೆಯನ್ನು ಕಣ್ಣಾರೆ ಕಂಡೂ ಗುರುತಿಸದೆ ಹೋದೆ, ಅನಂತರದ ಎರಡು ತಿಂಗಳು ಆಕೆಯ ಮಾತನ್ನು ಪೂರ್ತಿಯಾಗಿ ನಂಬದೆಯೂ ಹೋದೆ.

2023ರ ಜೂನ್ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದೆವು. ಮನೆಯ ಹಿಂದೆ ಸಣ್ಣ ಹಿತ್ತಿಲು, ಹಿತ್ತಿಲಿನ ಆಚೆ ಕಾಡು, ಬೆಳಗಿನ ಹೊತ್ತು ಬೇಲಿಯವರೆಗೂ ಬರುವ ಜಿಂಕೆಗಳು. ಸೊಸೆ ಅಲ್ಲಿ ಬಸಳೆ, ಹೀರೆ, ಹಸಿಮೆಣಸು ಹಾಕಿದ್ದಳು. ಸಂಜೆ ಕಚೇರಿಯ ಕೆಲಸ ಮುಗಿದೊಡನೆ ಚಪ್ಪಲಿಯನ್ನೂ ಮೆಟ್ಟದೆ ಹಿತ್ತಿಲಿಗೆ ಇಳಿಯುತ್ತಿದ್ದಳು. ಜುಲೈ ಮೊದಲ ವಾರದಲ್ಲಿ ಮೂರು ದಿನ ಜ್ವರ ಬಂದು ಬಿಟ್ಟಿತು. ಅದೇ ಹೊತ್ತಿಗೆ ಆಕೆಯ ಮೊಣಕಾಲಿನ ಹಿಂಬದಿಯಲ್ಲಿ ರೂಪಾಯಿ ನಾಣ್ಯದಷ್ಟು ಕಂದಿದ ಕಲೆಯೊಂದನ್ನು ನನ್ನ ಪತ್ನಿ ನೋಡಿ, ಮೇಜಿನ ಅಂಚು ತಾಗಿರಬೇಕೆಂದು ಕೊಬ್ಬರಿ ಎಣ್ಣೆ ಸವರಿದಳು. ಒಂದು ವಾರದಲ್ಲಿ ಅದು ಅಂಗೈಯಗಲವಾಯಿತು; ತುರಿಕೆಯಿಲ್ಲ, ನೋವಿಲ್ಲ. ಆಮೇಲೆ ತಾನಾಗಿಯೇ ಮಾಸಿಹೋಯಿತು, ನಾವೂ ಮರೆತೆವು.

ಆಮೇಲೆ ಶುರುವಾದದ್ದಕ್ಕೆ ಯಾರ ಬಳಿಯೂ ಹೆಸರಿರಲಿಲ್ಲ. ಒಂದು ದಿನ ಮಣಿಕಟ್ಟು ನೋವು, ಮರುದಿನ ಅದು ಮಾಯವಾಗಿ ಭುಜದಲ್ಲಿ, ಇನ್ನೆರಡು ದಿನ ಬಿಟ್ಟು ಮೊಣಕಾಲಿನಲ್ಲಿ. ಹತ್ತು ಗಂಟೆ ಮಲಗಿ ಎದ್ದರೂ ಗದ್ದೆ ಕೆಲಸ ಮುಗಿಸಿ ಬಂದವಳಂತೆ ಸುಸ್ತು. ಮಾತಿನ ನಡುವೆ ಪದ ಸಿಗದೆ ನಿಂತುಬಿಡುತ್ತಿದ್ದಳು. ಒಮ್ಮೆ "ಜರಡಿ" ಎಂಬ ಮಾತು ನೆನಪಾಗದೆ ಎರಡೂ ಕೈಯನ್ನು ಗಾಳಿಯಲ್ಲಿ ಆಡಿಸಿ ತೋರಿಸಿದ್ದನ್ನು ಕಂಡು ನಾವು ನಕ್ಕೆವು, ಆಕೆ ನಗಲಿಲ್ಲ. ರಕ್ತ ಪರೀಕ್ಷೆಯಾಯಿತು: ಹಿಮೋಗ್ಲೋಬಿನ್ ಸರಿ, ಥೈರಾಯ್ಡ್ ಸರಿ, ಸಕ್ಕರೆ ಸರಿ. ಉಣುಗು ಕಚ್ಚುವುದರಿಂದ ಬರುವ ಲೈಮ್ ರೋಗದ ಪರೀಕ್ಷೆಯನ್ನೂ ಮಾಡಿ ನೆಗೆಟಿವ್ ಎಂದರು.

ನಮ್ಮ ಮನೆಗಳಲ್ಲಿ ಇಂಥ ಸಮಯದಲ್ಲಿ ಏನಾಗುತ್ತದೆಂದು ಬಲ್ಲವರು ಬಲ್ಲರು. ಊರಿನಿಂದ ಫೋನ್ ಬಂದಾಗಲೆಲ್ಲ ಮೊದಲ ಪ್ರಶ್ನೆ, "ರಿಪೋರ್ಟಿನಲ್ಲಿ ಏನು ಬಂತು?" ನಾರ್ಮಲ್ ಎಂದೊಡನೆ, "ಹಾಗಾದರೆ ಏನೂ ಇಲ್ಲವಲ್ಲ, ಬಿಡು." ಒಬ್ಬರು ಜಾತಕ ತೋರಿಸಿ ಎಂದರು, ಒಬ್ಬರು ದೃಷ್ಟಿ ತೆಗೆಯಿರಿ ಎಂದರು, ಮತ್ತೊಬ್ಬರು ಕಷಾಯದ ಪುಡಿಯನ್ನು ಕೊರಿಯರ್ ಮಾಡುವುದಾಗಿ ಹೇಳಿದರು. ಇವರೆಲ್ಲರದೂ ಪ್ರೀತಿಯೇ, ಅದರಲ್ಲಿ ಸಂಶಯವಿಲ್ಲ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಸೊಸೆ ಮಲಗಿದ್ದರೆ ಅತ್ತೆ ಮಾವಂದಿರ ಮನಸ್ಸಿನಲ್ಲಿ ಏಳುವ ಯೋಚನೆ ಬೇರೆಯದೇ ಇರುತ್ತದೆ, ಅದನ್ನು ಮುಚ್ಚಿಟ್ಟು ಈ ಪತ್ರ ಬರೆಯುವುದರಲ್ಲಿ ಅರ್ಥವಿಲ್ಲ. ಒಂದು ರಾತ್ರಿ ಮಗನನ್ನು ಕರೆದು ದನಿ ತಗ್ಗಿಸಿ, "ಇದು ಮನಸ್ಸಿಗೆ ಸಂಬಂಧಿಸಿದ್ದೇನಾದರೂ ಇರಬಹುದೇನೋ" ಎಂದೆ. ಅಲ್ಲಿನ ಮರದ ಮನೆಗಳ ಗೋಡೆ ಎಷ್ಟು ತೆಳುವೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ನನ್ನ ಮುಂದೆ ಇನ್ನೂರು ಪುಟದ ನೋಟ್‌ಬುಕ್ ತಂದಿಟ್ಟು, "ಮಾವ, ದಿನಾ ಏನಾಗುತ್ತದೆಂದು ನೀವೇ ಬರೆದಿಡುತ್ತೀರಾ? ನಾನೇ ಬರೆದರೆ ನನಗೇ ನಂಬಿಕೆ ಬರುವುದಿಲ್ಲ" ಎಂದಳು. ಕೋಪವಿರಲಿಲ್ಲ, ಕಣ್ಣೀರೂ ಇರಲಿಲ್ಲ. ಮೂವತ್ತೆರಡು ವರ್ಷ ಹಾಜರಿ ಪುಸ್ತಕ ಬರೆದ ಕೈ ನನ್ನದು. ಸ್ಕೇಲು ಹಿಡಿದು ಅಡ್ಡ ಉದ್ದ ಗೆರೆ ಎಳೆದು ತಾರೀಖು, ನಿದ್ದೆ, ಜ್ವರ, ಯಾವ ಕೀಲು, ಎಷ್ಟು ಹೊತ್ತು, ಏನು ಕೆಲಸ ಮಾಡಿದಳು ಎಂದು ಮನೆಗಳನ್ನು ಮಾಡಿದೆ. ಹದಿನೈದು ದಿನ ಬರೆಯುವಷ್ಟರಲ್ಲಿ ನನ್ನ ಕಣ್ಣಿಗೇ ಕಾಣತೊಡಗಿತು: ಆಕೆ ಸ್ವಲ್ಪ ಚೇತರಿಸಿಕೊಂಡು ಹಿತ್ತಿಲಲ್ಲೋ ಅಡುಗೆಮನೆಯಲ್ಲೋ ಎರಡು ತಾಸು ನಿಂತ ಪ್ರತಿ ಸಲವೂ ಅದರ ಮುಂದಿನ ಎರಡು ದಿನದ ಮನೆಗಳು ನೋವಿನಿಂದ ತುಂಬಿರುತ್ತಿದ್ದವು. ನೆಪ ಹೇಳುವವರ ಕಾಯಿಲೆಗೆ ಇಂಥ ಲೆಕ್ಕಾಚಾರ ಇರುವುದಿಲ್ಲ. "ಇವತ್ತು ಚೆನ್ನಾಗಿದ್ದೀಯಲ್ಲ!" ಎಂದು ನಾವು ಹುರಿದುಂಬಿಸಿದ ದಿನಗಳಲ್ಲೇ ಆಕೆ ಮೈಮೀರಿ ದುಡಿದು ಮಲಗುತ್ತಿದ್ದಳೆಂಬುದೂ ಆಗ ತಿಳಿಯಿತು. ಆ ಮಾತನ್ನು ನಾವು ನಿಲ್ಲಿಸಿದೆವು.

ಕಲೆಯ ವಿಷಯ ನನ್ನ ಪತ್ನಿಗೆ ನೆನಪಾದದ್ದೂ ಈ ಪುಸ್ತಕ ಬರೆಯುವಾಗಲೇ. ಆಗಸ್ಟ್ ಕೊನೆಯಲ್ಲಿ ಎರಡನೆಯ ಸಲ ವೈದ್ಯೆಯ ಬಳಿ ಹೋದಾಗ ಮಗ ಆ ಪುಟಗಳನ್ನು ಇಂಗ್ಲಿಷಿಗೆ ಮಾಡಿ ಕೊಟ್ಟ. ಅವರು ಹೆಚ್ಚು ಹೊತ್ತು ನಿಂತದ್ದು "ನಾಣ್ಯದಷ್ಟು, ವಾರದಲ್ಲಿ ಅಂಗೈಯಗಲ" ಎಂಬ ಸಾಲಿನ ಮೇಲೆ. ಲೈಮ್ ರೋಗ ತಗಲಿದ ನೂರರಲ್ಲಿ 70ರಿಂದ 80 ಜನಕ್ಕೆ ಹೀಗೆ ಹಿಗ್ಗುವ ಕಲೆ ಮೂಡುತ್ತದಂತೆ. ಪುಸ್ತಕಗಳಲ್ಲಿ ಅದನ್ನು ಬಿಳಿಯ ಚರ್ಮದ ಮೇಲೆ ಕೆಂಪು ಉಂಗುರದೊಳಗೊಂದು ಕೆಂಪು ಚುಕ್ಕೆಯಾಗಿ ತೋರಿಸುತ್ತಾರೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಉಂಗುರ ಸ್ಪಷ್ಟವಾಗಿ ಕಾಣದೆ, ಪೆಟ್ಟು ಬಿದ್ದು ಕಂದಿದಂತೆ ಕಾಣಬಹುದು. ಹಾಗಾಗಿ ರೋಗ ಪತ್ತೆಯಾಗುವುದು ತಡವಾಗುತ್ತದೆ. ಮೊದಲ ಪರೀಕ್ಷೆ ನೆಗೆಟಿವ್ ಬಂದದ್ದರಲ್ಲೂ ಆಶ್ಚರ್ಯವಿಲ್ಲವೆಂದರು. ಆ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳನ್ನು. ಅವು ಹುಟ್ಟಿಕೊಳ್ಳಲು ಕೆಲವು ವಾರಗಳೇ ಬೇಕು.

ಎರಡನೆಯ ಸಲದ ಪರೀಕ್ಷೆಯಲ್ಲಿ ಮೊದಲ ಹಂತ ಪಾಸಿಟಿವ್ ಬಂತು. ಎರಡನೆಯ ಹಂತದಲ್ಲಿ, ಒಂದೊಂದು ಬಗೆಯ ಪ್ರತಿಕಾಯವನ್ನು ತೋರಿಸುವ ಹತ್ತು ಗೆರೆಗಳ ಪೈಕಿ ಐದು ಮೂಡಿದರೆ ಮಾತ್ರ ಪಾಸಿಟಿವ್ ಎಂಬ ನಿಯಮ. ನನ್ನ ಸೊಸೆಗೆ ಮೂಡಿದ್ದು ನಾಲ್ಕು. ಮೂವತ್ತೈದಕ್ಕೆ ಪಾಸು ಎಂದಿರುವಾಗ ಮೂವತ್ತನಾಲ್ಕು ತೆಗೆದ ಹುಡುಗರ ತಂದೆತಾಯಿಗಳು ನನ್ನ ಮುಂದೆ ಬಂದು ನಿಂತದ್ದುಂಟು, ಅಂದು ಅವರ ಜಾಗದಲ್ಲಿ ನಾನೇ ಕುಳಿತಿದ್ದೆ. ವೈದ್ಯೆ ಮಾತ್ರ ನುಣುಚಿಕೊಳ್ಳಲಿಲ್ಲ. "ಇದು ಲೈಮ್ ಎಂದು ಆಣೆ ಮಾಡಿ ಹೇಳಲಾರೆ, ಅಲ್ಲವೆಂದೂ ಹೇಳಲಾರೆ, ಊರು, ಋತು, ಕಲೆ ಮೂರನ್ನೂ ಸೇರಿಸಿ ನೋಡಿದರೆ ಔಷಧ ಕೊಡುವುದೇ ಸರಿ" ಎಂಬರ್ಥದ ಮಾತು ಹೇಳಿ 21 ದಿನಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟರು. ತನಗೆ ಖಚಿತವಿಲ್ಲದ್ದನ್ನು ಖಚಿತವಿಲ್ಲವೆಂದೇ ಹೇಳಿ, ಆದರೂ ರೋಗಿಯ ಕೈಬಿಡದ ವೈದ್ಯರನ್ನು ನಾನು ನೋಡಿದ್ದು ಕಡಿಮೆ.

ಆ ಮಾತ್ರೆಯ ಜೊತೆ ಹಾಲು, ಮೊಸರು ಸೇರಬಾರದು, ಎರಡು ತಾಸಿನ ಅಂತರವಿರಬೇಕು. ತುಂಬು ಲೋಟ ನೀರಿನೊಡನೆ ನುಂಗಿ, ಕೂಡಲೇ ಮಲಗದೆ ಕುಳಿತಿರಬೇಕು. ಬೆಳಗಾದರೆ ಹಾಲು ಹಾಕಿದ ಕಾಫಿ, ಊಟದ ಕೊನೆಗೆ ಮಜ್ಜಿಗೆಯಿಲ್ಲದೆ ಕೈತೊಳೆಯದ ಮಲೆನಾಡಿನ ಮನೆಯಲ್ಲಿ ಇದೇನು ಸುಲಭದ ಕಟ್ಟಳೆಯಲ್ಲ. ನನ್ನ ಪತ್ನಿ ಇಡೀ ಮನೆಯ ಊಟದ ವೇಳಾಪಟ್ಟಿಯನ್ನೇ ಬದಲಿಸಿ, ಅಷ್ಟು ದಿನವೂ ಸೊಸೆಯ ಜೊತೆ ತಾನೂ ಬೆಳಗಿನ ಕಾಫಿಯನ್ನು ತಡಮಾಡಿ ಕುಡಿದಳು. ಅದಕ್ಕಿಂತ ಹೆಚ್ಚಿನ ಕ್ಷಮಾಪಣೆ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕೇಳಿಲ್ಲ.

ಲೈಮ್ ಎಂಬುದು ಅದೇ ಕನೆಕ್ಟಿಕಟ್‌ನ ಒಂದು ಊರಿನ ಹೆಸರು. ಆ ಊರಿನ ಪಾಲಿ ಮರ್ರೆ ಎಂಬ ಗೃಹಿಣಿ ತನಗೂ ತನ್ನ ಮನೆಯವರಿಗೂ ಬರುತ್ತಿದ್ದ ಕೀಲುನೋವು, ಕಲೆ, ಜ್ವರಗಳನ್ನು ವರ್ಷಗಟ್ಟಲೆ ಬರೆದಿಟ್ಟಿದ್ದರು. ವೈದ್ಯರಲ್ಲಿ ಅನೇಕರು ಅದನ್ನು ಮನಸ್ಸಿನ ಕಾಯಿಲೆಯೆಂದೇ ಬಗೆದಿದ್ದರು. 1975ರಲ್ಲಿ ಅವರು ಮತ್ತು ಇನ್ನೊಬ್ಬ ತಾಯಿ ರಾಜ್ಯದ ಆರೋಗ್ಯ ಇಲಾಖೆಗೆ ದೂರು ಕೊಟ್ಟ ಮೇಲೆ ಯೇಲ್ ವಿಶ್ವವಿದ್ಯಾಲಯದ ವೈದ್ಯ ಅಲೆನ್ ಸ್ಟೀರ್ ತನಿಖೆಗೆ ಬಂದು, ಅಕ್ಕಪಕ್ಕದ ಮೂರು ಊರುಗಳಲ್ಲಿ ಇಂಥ 51 ಮಂದಿಯನ್ನು ಕಂಡರು. ಅವರಲ್ಲಿ 39 ಮಕ್ಕಳು. ರೋಗಾಣುವನ್ನು ಉಣುಗಿನ ಹೊಟ್ಟೆಯಲ್ಲಿ ವಿಜ್ಞಾನಿ ವಿಲ್ಲಿ ಬರ್ಗ್‌ಡಾರ್ಫರ್ ಗುರುತಿಸಿ 1982ರಲ್ಲಿ ಲೋಕಕ್ಕೆ ತಿಳಿಸಿದರು. ಒಬ್ಬ ತಾಯಿಯ ಟಿಪ್ಪಣಿ ಪುಸ್ತಕವನ್ನು ಮೊದಲೇ ಯಾರಾದರೂ ಗಮನವಿಟ್ಟು ಓದಿದ್ದರೆ ಎಂದು, ನನ್ನ ಗೆರೆ ಎಳೆದ ನೋಟ್‌ಬುಕ್ಕನ್ನು ನೋಡಿದಾಗಲೆಲ್ಲ ಅನಿಸುತ್ತದೆ.

ಔಷಧದಿಂದ ನೋವು ಬಹುಮಟ್ಟಿಗೆ ಇಳಿಯಿತು, ಸುಸ್ತು ಇಳಿಯಲಿಲ್ಲ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಹೀಗೆ ತಿಂಗಳುಗಟ್ಟಲೆ ಸುಸ್ತು, ನೋವು, ಮಂಕು ಉಳಿಯುವುದುಂಟು, ಅದರ ಕಾರಣ ಇನ್ನೂ ಇತ್ಯರ್ಥವಾಗಿಲ್ಲ ಎಂದು ವೈದ್ಯೆ ಹೇಳಿದರು. ಮನೆಯವರು ದಾರಿ ತಪ್ಪುವುದು ಈ ಹಂತದಲ್ಲಿಯೇ. ರಾತ್ರಿ ಎರಡು ಗಂಟೆಯವರೆಗೂ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದ ಮಗನಿಗೆ, ತಿಂಗಳುಗಟ್ಟಲೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಕೊಟ್ಟು ಗುಣಪಡಿಸುತ್ತೇವೆನ್ನುವ ಚಿಕಿತ್ಸಾಲಯವೊಂದು ಸಿಕ್ಕಿತು. ಕೇಳಿದ ಹಣ ಸಾವಿರಾರು ಡಾಲರ್, ವಿಮೆಗೆ ಸಂಬಂಧವಿಲ್ಲ. ಇಂಥ ದೀರ್ಘ ಚಿಕಿತ್ಸೆಯನ್ನು ಸರಿಯಾದ ಪ್ರಯೋಗಗಳಲ್ಲಿ ಪರೀಕ್ಷಿಸಿದಾಗ ಔಷಧದ ಅಂಶವೇ ಇಲ್ಲದ ಹುಸಿಮದ್ದಿಗಿಂತ ಬಾಳುವಂಥ ಗುಣ ಕಂಡಿಲ್ಲ, ನಾಳದ ಸೋಂಕಿನಂಥ ಅಪಾಯಗಳು ಮಾತ್ರ ಕಂಡಿವೆ ಎಂದು ವೈದ್ಯೆ ತಿಳಿಸಿ ಹೇಳಿದ ಮೇಲೆ ನಾವು ಅದನ್ನು ಕೈಬಿಟ್ಟೆವು. ಮಗನನ್ನು ತಪ್ಪೆನ್ನಲಾರೆ. ಹೆಂಡತಿಯ ಕಾಯಿಲೆಗೆ ಹೆಸರು ಸಿಗದ ಗಂಡ ಯಾರು ಹೆಸರು ಹೇಳಿದರೂ ನಂಬುವ ಸ್ಥಿತಿಯಲ್ಲಿರುತ್ತಾನೆ. ಅವನನ್ನು ಹನ್ನೊಂದಕ್ಕೆ ಮಲಗಿಸುವುದೂ ರೋಗಿಯ ಆರೈಕೆಯ ಭಾಗವೇ ಎಂದು ನಾವು ತೀರ್ಮಾನಿಸಿದೆವು. ಅಲ್ಲಿನ ಕಾನೂನಿನಂತೆ ಸಿಗುವ 12 ವಾರಗಳ ಸಂಬಳವಿಲ್ಲದ ರಜೆಯನ್ನು ಸೊಸೆ ಬಿಡಿಬಿಡಿಯಾಗಿ ಬಳಸಿಕೊಂಡಳು; ಊರಿನ ಕನ್ನಡಿಗ ಗೆಳತಿಯರು ವಾರಕ್ಕೆರಡು ಸಲ ಸಾರು, ಪಲ್ಯ ತಂದು ಬಾಗಿಲಲ್ಲೇ ಇಟ್ಟು, ಕುಶಲ ಕೇಳುವ ನೆಪದಲ್ಲಿ ಒಂದು ತಾಸು ಕೂರದೆ ಹೊರಟುಹೋಗುತ್ತಿದ್ದರು. ಅವರ ಆ ಸೂಕ್ಷ್ಮವನ್ನು ನಾನು ಮರೆಯಲಾರೆ.

ಇದು ದೂರದ ದೇಶದ ವಿಚಾರವೆಂದು ಓದುಗರು ಪುಟ ಮಗುಚಬಾರದು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ 76 ಸಾವಿರ ಜನ ಈ ರೋಗಕ್ಕೆ ಚಿಕಿತ್ಸೆ ಪಡೆಯುತ್ತಾರೆಂದು ಅಲ್ಲಿನ ಸರ್ಕಾರಿ ಸಂಸ್ಥೆಯೇ ಅಂದಾಜಿಸಿದೆ. ಹೆಚ್ಚು ಪ್ರಕರಣಗಳಿರುವ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಕಡೆಗಳಲ್ಲೇ ನಮ್ಮವರ ಮನೆಗಳೂ ಬಹಳ. ಮೇ ತಿಂಗಳಿಂದ ಜುಲೈವರೆಗೆ, ಅಂದರೆ ನಮ್ಮಂಥ ತಂದೆತಾಯಿಗಳು ಅಲ್ಲಿಗೆ ಹೋಗುವ ಕಾಲದಲ್ಲೇ, ಗಸಗಸೆ ಕಾಳಿನಷ್ಟು ಚಿಕ್ಕ ಎಳೆ ಉಣುಗುಗಳು ಓಡಾಡುತ್ತವೆ. ಸಾಮಾನ್ಯವಾಗಿ ಅದು ಒಂದು ದಿನಕ್ಕೂ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ರೋಗ ದಾಟುವುದರಿಂದ, ಹಿತ್ತಿಲಿನಿಂದ ಬಂದವರು ಸ್ನಾನ ಮಾಡಿ ಮೊಣಕಾಲ ಸಂದು, ಕಂಕುಳು, ತಲೆಗೂದಲು ನೋಡಿಕೊಂಡರೆ ಅರ್ಧ ಗೆದ್ದಂತೆ. ಕಚ್ಚಿಕೊಂಡ ಉಣುಗಿಗೆ ನಾವು ಕೊಟ್ಟಿಗೆಯ ದನಕ್ಕೆ ಮಾಡುವಂತೆ ಸೀಮೆಎಣ್ಣೆ ಹಾಕುವುದು, ಸುಡುವುದು ಕೂಡದು; ಚಿಮಟಿಯಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಇನ್ನು ನಮ್ಮಲ್ಲಿಯೂ, ನಾಗರಹೊಳೆ ಮತ್ತು ಬಂಡೀಪುರದ ಅರಣ್ಯ ಸಿಬ್ಬಂದಿಯ ರಕ್ತವನ್ನು ಬೆಂಗಳೂರಿನ ನೇತ್ರತಜ್ಞರು ಪರೀಕ್ಷಿಸಿದಾಗ ಈ ರೋಗಾಣುವಿನ ವಿರುದ್ಧದ ಪ್ರತಿಕಾಯಗಳು ಕೆಲವರಲ್ಲಿ ಕಂಡಿವೆ.

ಈಗ ಸೊಸೆ ಪೂರ್ಣಾವಧಿಯ ಕೆಲಸಕ್ಕೆ ಮರಳಿದ್ದಾಳೆ, ವಾರದ ಕೊನೆಗೆ ಇನ್ನೂ ದಣಿಯುತ್ತಾಳೆ. ಅವಳದು ಲೈಮ್ ರೋಗವೇ ಆಗಿತ್ತೋ ಅಲ್ಲವೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ, ಆಗುವ ಹಾಗೂ ಕಾಣುವುದಿಲ್ಲ. ಊರಿನಿಂದ ಫೋನ್ ಮಾಡುವವರಲ್ಲಿ ನನ್ನ ವಿನಂತಿಯಿಷ್ಟೇ: "ರಿಪೋರ್ಟ್ ಏನು ಬಂತು?" ಎನ್ನುವ ಬದಲು "ನಿನ್ನೆ ನಿದ್ದೆ ಬಂತೇ?" ಎಂದು ಕೇಳಿರಿ. ತಮ್ಮಲ್ಲಿ ಕೋರುವುದೂ ಒಂದಿದೆ. ಬೇಸಿಗೆ ರಜೆಯ ಪ್ರಯಾಣಗಳು ಶುರುವಾಗುವ ಮುನ್ನ, ತಜ್ಞ ವೈದ್ಯರನ್ನು ಕೇಳಿ, ಈ ಕಲೆ ಕಂದು ಚರ್ಮದ ಮೇಲೆ ಹೇಗೆ ಕಾಣುತ್ತದೆಂಬ ಚಿತ್ರವೊಂದನ್ನು ದಯವಿಟ್ಟು ಬಣ್ಣದ ಪುಟದಲ್ಲಿ ಪ್ರಕಟಿಸಿ. ಕಪ್ಪು ಬಿಳುಪಿನಲ್ಲಿ ಅಚ್ಚಾದರೆ ಅದು ಮತ್ತೆ ಮೇಜಿನ ಅಂಚು ತಾಗಿದ ಕಲೆಯಂತೆಯೇ ಕಂಡೀತು.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಸಾಗರ ತಾಲ್ಲೂಕು
(ಸೊಸೆಯ ಕೋರಿಕೆಯಂತೆ ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ)