ಮಗು ಇಟ್ಕೊಂಡು ಸೈಕಲ್ ಯಾಕೆ ಅಂತ ಕೇಳಿದವರಿಗೆ

ಮಾನ್ಯ ಸಂಪಾದಕರೆ,

ನಾನು ಮೈಸೂರಿನ ಸರಸ್ವತಿಪುರಂನವಳು. ಮಗಳು ಯುಕೆಜಿ. ದಿನಾ ಬೆಳಗ್ಗೆ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುತ್ತೇನೆ. ಕ್ಯಾರಿಯರ್ ಮೇಲೆ ಪುಟ್ಟ ಸೀಟು ಹಾಕಿಸಿದ್ದೇನೆ, ಚಕ್ರದ ಕಡ್ಡಿಗೆ ಕಾಲು ಸಿಕ್ಕದಿರಲಿ ಅಂತ ಎರಡೂ ಕಡೆ ಜಾಲರಿ ಕಟ್ಟಿಸಿದ್ದೇನೆ. ಓಡಿಸುವುದು ಕಷ್ಟವೇ ಅಲ್ಲ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಮಗು ಮೇಲಿರುವಾಗ ಸ್ಟ್ಯಾಂಡ್ ಹಾಕಿದರೆ ಸೈಕಲ್ ವಾಲುತ್ತದೆ, ಹಾಗಾಗಿ ಸೊಂಟಕ್ಕೆ ಸೈಕಲ್ ಒರಗಿಸಿಕೊಂಡು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಲ್ಲಿ ಅವಳನ್ನು ಇಳಿಸಬೇಕು. ಬ್ಯಾಗು ಆಮೇಲೆ.

ಹೋದ ತಿಂಗಳು ಶಾಲೆ ಗೇಟಿನ ಹತ್ತಿರ, ನಿಂತಿದ್ದ ಕಾರಿನ ಬಾಗಿಲು ಗಕ್ಕನೆ ತೆರೆಯಿತು. ಇಬ್ಬರೂ ಬಿದ್ದೆವು. ನನ್ನ ಮೊಣಕಾಲು ತರಚಿತು, ಅವಳ ಡಬ್ಬಿಯ ಚಿತ್ರಾನ್ನ ರಸ್ತೆಪಾಲು. ಪುಣ್ಯಕ್ಕೆ ಮಗುವಿಗೆ ಏನೂ ಆಗಲಿಲ್ಲ. ಕಾರಿನವರು ಇಳಿದು ಬಂದು ಕೇಳಿದ್ದು, "ಮಗು ಇಟ್ಕೊಂಡು ಸೈಕಲ್ ಯಾಕಮ್ಮಾ ತರ್ತೀರಾ?" ಸುತ್ತ ನಿಂತವರೂ ಹೌದೌದು ಅಂದರು. ಹಿಂದೆ ನೋಡದೆ ಬಾಗಿಲು ಯಾಕೆ ತೆಗೆದಿರಿ ಅಂತ ಅವರನ್ನು ಒಬ್ಬರೂ ಕೇಳಲಿಲ್ಲ.

ಯಾಕೆ ತರುತ್ತೇನೆ ಅಂದರೆ, ಮನೆಯಲ್ಲಿರುವುದು ಒಂದೇ ಸ್ಕೂಟರು. ಎಂಟು ಗಂಟೆಗೆ ಯಜಮಾನರು ಅದರಲ್ಲಿ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೊರಡುತ್ತಾರೆ. ಬೆಳಗ್ಗೆ ಹೋಗಿ ಸಂಜೆ ಬರುವುದು, ಅಷ್ಟೇ ಅವರ ಓಡಾಟ. ನನ್ನದು ಹಾಗಲ್ಲ. ಶಾಲೆ, ಅಲ್ಲಿಂದ ನಾನು ಹೊಲಿಯುವ ಅಂಗಡಿ, ಮಧ್ಯಾಹ್ನ ಮತ್ತೆ ಶಾಲೆ, ದಾರಿಯಲ್ಲಿ ಸೊಪ್ಪು, ಅತ್ತೆಯ ಬಿಪಿ ಮಾತ್ರೆ. ಎಲ್ಲವೂ ಎರಡು ಕಿಲೋಮೀಟರ್ ಒಳಗೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ, ತವರಿಗೆ ಹೋಗುವಾಗ ನಿಜಕ್ಕೂ ಉಪಕಾರವಾಗಿದೆ. ಆದರೆ ಎರಡನೇ ಕ್ರಾಸಿನಿಂದ ಏಳನೇ ಕ್ರಾಸಿಗೆ ಬಸ್ಸು ಬರುತ್ತದೆಯೇ? ದಿನಕ್ಕೆ ನಾಲ್ಕು ಸಲ ಆಟೋ ಹತ್ತಿದರೆ ಹೊಲಿಗೆಯ ದುಡ್ಡೆಲ್ಲ ಅದಕ್ಕೇ ಸರಿಹೋಗುತ್ತದೆ.

ನನಗೆ ಸೈಕಲ್ ಕೊಟ್ಟಿದ್ದೇ ಸರ್ಕಾರ. 2006-07ರಲ್ಲಿ ಶಾಲೆ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾದಾಗ ನಾನು ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಎಂಟನೇ ಕ್ಲಾಸು. ಹೆಣ್ಣುಮಕ್ಕಳು ಸೈಕಲ್ ತುಳಿದು ಓದಲಿ ಅಂದರು, ತುಳಿದೆವು, ಓದಿದೆವು. ಅದೇ ಹುಡುಗಿ ತಾಯಿಯಾಗಿ ಊರೊಳಗೆ ಸೈಕಲ್ ತುಳಿದರೆ ಮಾತ್ರ "ಪಾಪ, ಮನೇಲಿ ಗಾಡಿ ಇಲ್ವಾ?" ಮೈಸೂರಿಗೆ 2017ರಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಬಂದಾಗ ನನಗೂ ಖುಷಿಯಾಗಿತ್ತು, ಆದರೆ ಬಾಡಿಗೆ ಸೈಕಲ್ಲು ಒಬ್ಬರೇ ಓಡಾಡುವವರಿಗೆ ಅಲ್ವಾ. ಭಾನುವಾರ ಚಾಮುಂಡಿ ಬೆಟ್ಟ ಹತ್ತುವ ಹೆಲ್ಮೆಟ್ ಸವಾರರಿಗೆ ಸಿಗುವ ಮರ್ಯಾದೆ ಸೋಮವಾರ ಸೊಪ್ಪಿನ ಚೀಲ ತೂಗಿಸಿಕೊಂಡು ಬರುವವಳಿಗೆ ಸಿಗುವುದಿಲ್ಲ.

ಒಂದು ಶನಿವಾರ ಯಜಮಾನರೇ ಇದೇ ಸೈಕಲ್ಲಿನಲ್ಲಿ ಮಗಳನ್ನು ಬಿಟ್ಟು ಬಂದರು. ಗೇಟಿನಲ್ಲಿ ಒಬ್ಬರು "ಫಿಟ್ನೆಸ್ಸಾ ಸಾರ್, ಸೂಪರ್" ಅಂದರಂತೆ!

ಬೈಕಿನಲ್ಲಿ ನಾಲ್ಕು ವರ್ಷದೊಳಗಿನ ಮಗು ಇದ್ದರೆ ವೇಗ 40 ಕಿ.ಮೀ. ದಾಟಬಾರದು ಎಂದು ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ. ಒಳ್ಳೆಯದೇ. ಅದೇ ಮಗು ಪಕ್ಕದ ಸೈಕಲ್ಲಿನಲ್ಲಿದ್ದರೆ ಅದನ್ನು ದಾಟಿ ಹೋಗುವ ಬೈಕಿಗೆ ಯಾವ ಲೆಕ್ಕ?

ಕೋಟಿಗಟ್ಟಲೆ ಖರ್ಚಿನ ಸೈಕಲ್ ಟ್ರ್ಯಾಕು ಬೇಕು ಅಂತ ಕೇಳುತ್ತಿಲ್ಲ. ಶಾಲೆ ಶುರುವಾಗುವ, ಬಿಡುವ ಅರ್ಧರ್ಧ ಗಂಟೆ ಗೇಟಿನ ಆಚೀಚೆ ಐವತ್ತು ಮೀಟರ್ ಕಾರು ನಿಲ್ಲಿಸಬಾರದು. ಅಲ್ಲೊಬ್ಬ ಪೊಲೀಸ್ ಇರಲಿ. ಸೈಕಲ್ ಒರಗಿಸಲು ಗೋಡೆ ಪಕ್ಕ ಒಂದು ಕಬ್ಬಿಣದ ಕಂಬಿ ನೆಟ್ಟರೆ ಸಾಕು, ಮಗುವನ್ನು ಎರಡೂ ಕೈಯಲ್ಲಿ ಇಳಿಸಬಹುದು.

ಇಂತಿ,
ಒಬ್ಬ ತಾಯಿ
ಸರಸ್ವತಿಪುರಂ, ಮೈಸೂರು